ಕಾಳಿಟ್ಟು ಓದಿಸಿದ ಮಾವ

ನಮ್ಮ ಸೋದರಮಾವ ತಮ್ಮ ಜೀವಮಾನದಲ್ಲಿ ಒಂದೇ ಒಂದು ಪುಸ್ತಕವನ್ನೂ ಓದಿ ಮುಗಿಸಿದವರಲ್ಲ! ಇದು ನನ್ನ ಮಾತಲ್ಲ, ನಮ್ಮ ಅತ್ತೆಯ ಮಾತು. ಬಂದವರಿಗೆ, ಹೋದವರಿಗೆ, ಹಾಲು ತರುವವಳಿಗೆ, ಕಡೆಗೆ ಭಿಕ್ಷೆಗೆಂದು ಬಾಗಿಲಲ್ಲಿ ನಿಂತ ಬೈರಾಗಿಗೂ ಅವರು ಇದನ್ನು ಹೇಳಿಯಾಗಿದೆ. ಹಾಗಾದರೆ ನಿಮ್ಮ ಮಾವ ಅಕ್ಷರ ಬಾರದವರೇ ಎಂದು ನೀವು ಕೇಳುತ್ತೀರಿ. ಕೇಳಿ, ಕೇಳಿ! ಅವರು ಊಟಿಯ ಹತ್ತಿರದ ಕೆತ್ತಿ ಕಣಿವೆಯ ಮಿಡ್ಲ್ ಸ್ಕೂಲಿನಲ್ಲಿ ಕನ್ನಡ ಮೇಷ್ಟರಾಗಿದ್ದರು. ಮಕ್ಕಳಿಗೆ ಓದು ಕಲಿಸುವುದೇ ಅವರ ಕೆಲಸ. ಸರ್ಕಾರಕ್ಕೂ ಊರಿಗೂ ಗೊತ್ತಿದ್ದೇ ಅವರಿಗೆ ಸಂಬಳ ಕೊಡುತ್ತಿದ್ದರು.

ತೊಡಕು ಏನೆಂದರೆ, ಮಾವನಿಗೆ ಒಂದು ಸಾಲನ್ನು ಬಿಟ್ಟು ಇನ್ನೊಂದು ಸಾಲಿಗೆ ಹೋಗಲು ಕಾಲೇ ಬರುತ್ತಿರಲಿಲ್ಲ. ಒಂದು ವಾಕ್ಯ ಓದುವುದು, ಅದರ ಅಡಿಗೆ ಪೆನ್ಸಿಲಿನ ಗೀಟು ಎಳೆಯುವುದು, ಪಕ್ಕದ ಖಾಲಿ ಜಾಗದಲ್ಲಿ ಒಂದು ಪ್ರಶ್ನೆ ಬರೆಯುವುದು, ಆಮೇಲೆ ಕಿಟಕಿಯ ಆಚೆ, ನೀವು ನೀಲಗಿರಿ ಎನ್ನುವ ನಮ್ಮ ಕರ್ಪೂರದ ಮರಗಳನ್ನು ನೋಡುತ್ತಾ ಕೂರುವುದು. ಅಷ್ಟರಲ್ಲಿ ಅತ್ತೆ ಊಟಕ್ಕೆ ಎಲೆ ಹಾಕಿ, ಕರೆದು ಕರೆದು, ಎಲೆಯನ್ನು ಎತ್ತಿಯೂ ಇಡುತ್ತಿದ್ದರು!

ಒಂದು ಸಲ ಗುಂಡ್ಲುಪೇಟೆಯ ದಾಯಾದಿಗಳಿಂದ ಲಗ್ನಪತ್ರಿಕೆ ಬಂತು. ‘ತಾವು ಸಪರಿವಾರರಾಗಿ ಮುಂಚಿತವಾಗಿ ಬಂದು’ ಎಂದು ಅದರಲ್ಲಿತ್ತು. ಮಾವ ಪೆನ್ಸಿಲು ತೆಗೆದರು. ‘ಮುಂಚಿತವಾಗಿ’ ಎಂಬುದರ ಅಡಿಗೆ ಗೀಟು ಬಿತ್ತು. ಪಕ್ಕದಲ್ಲಿ, ‘ಎಷ್ಟು ಮುಂಚಿತ? ಅಡಿಗೆಯವರು ಬರುವುದಕ್ಕೆ ಮೊದಲೋ ಆಮೇಲೋ?’ ‘ಸಪರಿವಾರ’ದ ಸುತ್ತ ಒಂದು ಸುತ್ತು. ಪಕ್ಕದಲ್ಲಿ, ‘ನಾವಿರುವುದೇ ಮೂವರು. ಪರಿವಾರವನ್ನು ಯಾರಿಂದ ಎರವಲು ತರುವುದು?’ ಹೀಗೆ ಓದಿ ಓದಿ, ಘಾಟಿ ಇಳಿದು ನಾವು ಗುಂಡ್ಲುಪೇಟೆ ಸೇರಿದಾಗ ಅಲ್ಲಿ ಚಪ್ಪರ ಬಿಚ್ಚುತ್ತಿದ್ದರು. ಚಪ್ಪರದ ಗಳ ಹೊತ್ತು ಹೋಗುತ್ತಿದ್ದವನನ್ನೇ ಮಾವ ನಿಲ್ಲಿಸಿ, “ಏನಪ್ಪಾ, ಆ ಪತ್ರಿಕೆ ಬರೆದವರು ಯಾರು?” ಎಂದರು. ಅತ್ತೆ ವಾಪಸು ಬರುವ ದಾರಿಯುದ್ದಕ್ಕೂ ಅವರೊಂದಿಗೆ ಮಾತಾಡಲಿಲ್ಲ. “ಪ್ರಯಾಣ ಬಹಳ ಪ್ರಶಾಂತವಾಗಿತ್ತು,” ಎಂದು ಮಾವ ಆಮೇಲೆ ಎಲ್ಲರಿಗೂ ಹೇಳಿಕೊಂಡರು.

ನಾನು ಈ ಮನೆಗೆ ಹೇಗೆ ಬಂದೆನೆಂದು ಹೇಳಿಬಿಡುತ್ತೇನೆ. ನಮ್ಮಪ್ಪನ ಅಂಗಡಿ ಮಸಿನಗುಡಿಯಲ್ಲಿತ್ತು. ಅಲ್ಲಿ ಬೇಕಾದಷ್ಟು ಆನೆಗಳಿದ್ದವು, ಶಾಲೆ ಇರಲಿಲ್ಲ. ಅಕ್ಕನ ಮಗಳು ದಡ್ಡಿಯಾಗಬಾರದೆಂದು ಮಾವನೇ ಬಂದು ನನ್ನನ್ನು ಬೆಟ್ಟದ ಮೇಲೆ ಕರೆದುಕೊಂಡು ಹೋದರು. ಅವರಿಗೆ ಮಕ್ಕಳಿರಲಿಲ್ಲ. ಹೀಗಾಗಿ ಮನೆಯಲ್ಲಿ ನಾನು ಮಗಳು, ಶಾಲೆಯಲ್ಲಿ ಶಿಷ್ಯೆ, ಅತ್ತೆ ಮಾವ ಜಗಳವಾಡಿದಾಗ ಸಾಕ್ಷಿ. ಮೂರು ಕೆಲಸ, ಊಟ ಮಾತ್ರ ಒಬ್ಬಳಿಗೆ!

ಮಾವನ ಗೀಟಿನ ಚಟ ಮನೆಯೊಳಗೇ ಇದ್ದಿದ್ದರೆ ಯಾರಿಗೂ ತೊಂದರೆ ಇರಲಿಲ್ಲ. ಅವರು ಅದನ್ನು ಶಾಲೆಯ ಮಕ್ಕಳಿಗೂ ಅಂಟಿಸಿದರು. “ಪುಸ್ತಕ ಅಂದ್ರೆ ಅದೇನು ದೇವರ ವಿಗ್ರಹವೇ, ದೂರ ನಿಂತು ಕೈಮುಗಿಯೋಕೆ? ಅದರ ಜೊತೆ ಮಾತಾಡಬೇಕು. ಗೊತ್ತಾಗದ ಪದಕ್ಕೆ ಸುತ್ತು ಹಾಕಿ, ಅನುಮಾನ ಬಂದರೆ ಪಕ್ಕದಲ್ಲಿ ಕೇಳಿ,” ಎನ್ನುತ್ತಿದ್ದರು. ಮಕ್ಕಳಿಗೆ ಇನ್ನೇನು ಬೇಕು? ಗೀಚಬೇಡ ಎಂದರೇ ಗೀಚುವ ವಯಸ್ಸು. ಗೀಚು ಎಂದರೆ ಬಿಟ್ಟಾರೆಯೇ!

ಆದರೆ ಆ ಪುಸ್ತಕಗಳು ಶಾಲೆಯವು. ಒಂದು ವರ್ಷದ ಮಕ್ಕಳು ಓದಿದ್ದನ್ನು ಮುಂದಿನ ವರ್ಷದವರಿಗೆ ಕೊಡಬೇಕು. ನಮ್ಮ ಶಾಲೆಯ ಮ್ಯಾನೇಜರು ಕರ್ಪೂರದ ಮರದಷ್ಟೇ ಎತ್ತರ, ಅಷ್ಟೇ ಸಣಕಲು. ಬೀರುವಿನಲ್ಲಿ ಪುಸ್ತಕಗಳನ್ನು ನುಸಿಗುಳಿಗೆ ಹಾಕಿ ಮಲಗಿಸಿ ಬೀಗದ ಕೈಯನ್ನು ಜನಿವಾರಕ್ಕೆ ಕಟ್ಟಿಕೊಳ್ಳುತ್ತಿದ್ದ ಆಸಾಮಿ. ಗೀಚಿದ ಪುಸ್ತಕ ನೋಡಿ ಅವರಿಗೆ ಮೈಯೆಲ್ಲ ಉರಿದುಹೋಯಿತು.

“ಏನ್ರೀ ಮೇಷ್ಟ್ರೇ ಇದು! ಪುಸ್ತಕ ಯಾವತ್ತೂ ಹೊಸದಾಗಿರಬೇಕು!”

“ಓದದೆ ಇದ್ರೆ ಹೊಸದಾಗೇ ಇರುತ್ತೆ ಸ್ವಾಮಿ,” ಎಂದರು ಮಾವ. “ಉಡದೆ ಇದ್ದ ಪಂಚೆ ಹರಿಯುತ್ತಾ?”

ಉತ್ತರ ಹೊಳೆಯದವರು ಏನು ಮಾಡುತ್ತಾರೆ? ಅಪ್ಪಣೆ ಹೊರಡಿಸುತ್ತಾರೆ. ಇನ್ನು ಮುಂದೆ ಶಾಲೆಯ ಪುಸ್ತಕದ ಮೇಲೆ ಪೆನ್ಸಿಲು ತಾಗಿದರೆ ಮೇಷ್ಟರನ್ನು ಮನೆಗೆ ಕಳಿಸಲಾಗುವುದು ಎಂದು ಅಪ್ಪಣೆಯಾಯಿತು.

ಆ ದಿನ ಮಾವ ಮನೆಗೆ ಬಂದು ಜಗಲಿಯ ಮೇಲೆ ಪೆಚ್ಚು ಮೋರೆ ಹಾಕಿಕೊಂಡು ಕೂತರು. ಅತ್ತೆ ಎದುರಿಗೇ ಮೊರ ಹಿಡಿದು ಅವರೆಕಾಳಿನಲ್ಲಿ ಕಲ್ಲು ಆರಿಸುತ್ತಿದ್ದರು. ಮಾವ ನೋಡುತ್ತಿದ್ದರು. ನೋಡುತ್ತಾ ನೋಡುತ್ತಾ ಅವರ ಮುಖ ಅರಳಿತು. “ಏನೇ, ನಿಲ್ಲು! ನೀನು ಮಾಡ್ತಿರೋದೇ ಓದು ಕಣೇ! ಸರಸರ ಕೈಯಾಡಿಸ್ತೀಯ, ಅನುಮಾನ ಬಂದ ಕಡೆ ನಿಲ್ತೀಯ, ಎತ್ತಿ ನೋಡ್ತೀಯ!” ಎಂದವರೇ ಮೊರದಿಂದ ಒಂದು ಹಿಡಿ ಅವರೆ ಬಾಚಿಕೊಂಡು ಒಳಗೆ ಓಡಿದರು.

“ಅಯ್ಯೋ, ಸಾರಿಗೆ ಇಟ್ಟಿದ್ದು ರೀ!” ಎಂದು ಅತ್ತೆ ಕೂಗಿದ್ದು ಕಣಿವೆಯ ಆಚೆ ದಿಕ್ಕಿಗೂ ಕೇಳಿಸಿರಬೇಕು. ಅಂದು ನಮ್ಮ ಮನೆಯಲ್ಲಿ ಕಾಳಿಲ್ಲದ ಸಾರು.

ಮಾರನೆಯ ದಿನದಿಂದ ಶಾಲೆಯಲ್ಲಿ ಹೊಸ ಕ್ರಮ ಶುರುವಾಯಿತು. ಪೆನ್ಸಿಲು ತಾನೇ ತಾಗಬಾರದು? ಕಾಳು ತಾಗಬಾರದೆಂದು ಎಲ್ಲಿ ಬರೆದಿದೆ! ಪ್ರತಿಯೊಬ್ಬರೂ ಸೊಂಟದಲ್ಲಿ ಒಂದು ಸಣ್ಣ ಸಂಚಿ ಕಟ್ಟಿಕೊಂಡು ಬರಬೇಕು. ಅದರಲ್ಲಿ ನಾಲ್ಕು ಬಗೆಯ ಕಾಳು. ಓದುವಾಗ ಅರ್ಥವಾಗದ ಪದ ಬಂದರೆ ಅದರ ಮೇಲೆ ಒಂದು ರಾಗಿ. ಯಾಕೆ, ಹೇಗೆ ಎಂಬ ಪ್ರಶ್ನೆ ಹುಟ್ಟಿದರೆ ಆ ಸಾಲಿನ ಮೇಲೆ ಒಂದು ಅವರೆ. ಪುಸ್ತಕ ಹೇಳಿದ ಮಾತು ಒಪ್ಪಿಗೆಯಾಗದಿದ್ದರೆ ಗೂಡಲೂರು ಕಡೆಯಿಂದ ಬರುವ ಮೆಣಸಿನ ಒಂದು ಕಾಳು. ಯಾವುದಾದರೂ ಸಾಲು ಮನಸ್ಸಿಗೆ ಹಿಡಿಸಿದರೆ ಒಂದು ಹುರಿಗಡಲೆ. ಪಾಠ ಮುಗಿದ ಮೇಲೆ ಹುರಿಗಡಲೆಯನ್ನು ಇಟ್ಟವರೇ ತಿನ್ನಬಹುದು.

ಆಗ ನೋಡಬೇಕಿತ್ತು ನಮ್ಮ ಸಾಹಿತ್ಯಾಭಿಮಾನವನ್ನು! ಮೊದಲ ದಿನವೇ ಎಲ್ಲರಿಗೂ ಎಲ್ಲ ಸಾಲುಗಳೂ ಹಿಡಿಸಿಬಿಟ್ಟವು. ಪುಟದಲ್ಲಿ ಅಕ್ಷರವೇ ಕಾಣದಂತೆ ಹುರಿಗಡಲೆ! ಪಾಠದ ಕೊನೆಯಲ್ಲಿದ್ದ ‘ಅಭ್ಯಾಸ’ ಎಂಬ ಪದವೂ ನಮ್ಮ ಹಿಂದಿನ ಬೆಂಚಿನವರಿಗೆ ಬಹಳ ಸುಂದರವಾಗಿ ಕಂಡಿತು. ಮಾವ ಸುಮ್ಮನಿದ್ದು, ಮಾರನೆಯ ದಿನ ಹುರಿಗಡಲೆಯ ಬದಲು ಮೆಂತ್ಯ ತಂದರು. ಅಂದು ಯಾರಿಗೂ ಒಂದು ಸಾಲೂ ಹಿಡಿಸಲಿಲ್ಲ! ಕಡೆಗೆ ರಾಜಿಯಾಯಿತು. ಹುರಿಗಡಲೆಯೇ ಇರಲಿ, ಆದರೆ ತಿನ್ನುವ ಮೊದಲು ಯಾಕೆ ಹಿಡಿಸಿತೆಂದು ಬಾಯಿಬಿಟ್ಟು ಹೇಳಬೇಕು. ಹೀಗೆ ನಾವು ಹೊಟ್ಟೆಪಾಡಿಗಾಗಿ ವಿಮರ್ಶಕರಾದೆವು.

ನಮ್ಮ ತರಗತಿಯಲ್ಲಿ ಬಹುಪಾಲು ಸುತ್ತಲಿನ ಹಟ್ಟಿಗಳ, ಬೆಟ್ಟದ ರೈತರಾದ ಬಡಗರ ಮಕ್ಕಳು. ಅವರ ಮನೆಯ ಮಾತಿಗೂ ನಮ್ಮ ಪುಸ್ತಕದ ಕನ್ನಡಕ್ಕೂ ನಡುವೆ ಒಂದು ಒಳ್ಳೆಯ ಏರು ಇತ್ತು. ಅದನ್ನು ಇಲ್ಲಿ ಇದ್ದ ಹಾಗೆ ಬರೆದರೆ ನೀವು ರಾಗಿ ಇಡಬೇಕಾದೀತೆಂದು ಬಹುಮಟ್ಟಿಗೆ ನಮ್ಮ ಕಡೆಯ ಮಾತಿಗೆ ಇಳಿಸಿದ್ದೇನೆ. ಅವರಲ್ಲಿ ಮಾದಿ ಎಂಬ ಹುಡುಗಿ ನನ್ನ ಜೊತೆಗಾತಿ. ಆಕೆಯ ಸಂಚಿಯಲ್ಲಿ ಅವರೆ ಬಿಟ್ಟರೆ ಮೆಣಸು. ಪುಸ್ತಕ ಏನು ಹೇಳಿದರೂ ಸುಲಭಕ್ಕೆ ಒಪ್ಪುವವಳಲ್ಲ.

ಒಂದು ಪಾಠದಲ್ಲಿ ಬೇಟೆಗೆ ಹೋದ ರಾಜ ದಾರಿ ತಪ್ಪಿ ಒಬ್ಬ ಮುದುಕಿಯ ಗುಡಿಸಲಿಗೆ ಬರುತ್ತಾನೆ. ಮುದುಕಿ ಗಂಜಿ ಕೊಡುತ್ತಾಳೆ. ಸಂತೋಷಗೊಂಡ ರಾಜ ಅವಳಿಗೆ ಚಿನ್ನದ ಬಳೆ ಕೊಡುತ್ತಾನೆ. ಮಾದಿ ಆ ಬಳೆಯ ಮೇಲೆ ಟಪ್ಪನೆ ಒಂದು ಮೆಣಸು ಇಟ್ಟಳು.

“ಏನಮ್ಮಾ ನಿನ್ನ ತಕರಾರು?” ಎಂದರು ಮಾವ.

“ಮುದುಕಿಗೆ ಬಳೆ ಏತಕ್ಕೆ? ಎಮ್ಮೆ ಕೊಡಬೇಕಿತ್ತು.”

“ಸರಿಯಾದ ಮಾತು. ಆದ್ರೆ ಎಮ್ಮೆ ನಿನ್ನ ಮನಸ್ಸಿನಲ್ಲಿದೆಯೋ ಪುಸ್ತಕದಲ್ಲಿದೆಯೋ? ಬೆರಳಿಟ್ಟು ಹೇಳು.”

ಇದು ಮಾವನ ಮೂಲಮಂತ್ರ. ಏನು ಬೇಕಾದರೂ ಹೇಳು, ಪುಸ್ತಕದ ಮೇಲೆ ಬೆರಳಿಟ್ಟು ಹೇಳು. ಮಾದಿ ಹುಬ್ಬು ಗಂಟಿಕ್ಕಿ ಪುಟವನ್ನೆಲ್ಲ ಜಾಲಾಡಿದಳು. ಕಡೆಗೆ ಒಂದು ಕಡೆ ಬೆರಳಿಟ್ಟಳು. “ಇಲ್ಲಿ ನೋಡಿ. ‘ಹಾಲಿಲ್ಲದ ಗಂಜಿಯನ್ನು ಕೊಟ್ಟಳು’ ಎಂದಿದೆ. ಹಾಲಿಲ್ಲ ಎಂದರೆ ಎಮ್ಮೆ ಇಲ್ಲ. ಗಂಜಿ ಕುಡಿದವನಿಗೆ ಅಷ್ಟೂ ತಿಳೀಲಿಲ್ಲವಾ?”

ಮಾವ ಎರಡು ಕೈಯನ್ನೂ ಮೇಲೆತ್ತಿ, “ರಾಜ ಸೋತ, ಮಾದಿ ಗೆದ್ದಳು!” ಎಂದು ಕೂಗಿದರು. ಆಕೆಗೆ ಅಂದು ಹಿಡಿ ತುಂಬ ಹುರಿಗಡಲೆ ಸಿಕ್ಕಿತು. ನನಗೆ ಹೊಟ್ಟೆಕಿಚ್ಚು.

ಈ ಕ್ರಮದಲ್ಲಿ ಅಪಾಯಗಳೂ ಇದ್ದವು. ಕೆತ್ತಿಯ ಗಾಳಿ ನಿಮಗೆ ಗೊತ್ತಿಲ್ಲ. ಒಂದು ಬೀಸಿಗೆ ಎಲ್ಲರ ಅಜ್ಞಾನವೂ ರಾಗಿಯ ರೂಪದಲ್ಲಿ ಹಾರಿಹೋಗಿ, ಇಡೀ ತರಗತಿ ಕ್ಷಣಮಾತ್ರದಲ್ಲಿ ಪಂಡಿತರಾಗಿಬಿಡುತ್ತಿತ್ತು! ಒಮ್ಮೆ ಬಿಸಿಲಿಗೆಂದು ಜಗಲಿಯಲ್ಲಿ ಪುಸ್ತಕಗಳನ್ನು ಬಿಡಿಸಿಟ್ಟು, ಕಾಳು ಜೋಡಿಸಿ, ಬೆಟ್ಟದ ರೈಲು ಕೂಗಿತೆಂದು ನೋಡಲು ಓಡಿದ್ದೆವು. ಬರುವಷ್ಟರಲ್ಲಿ ಜವಾನನ ಮನೆಯ ಕೋಳಿ ಪುಟದಿಂದ ಪುಟಕ್ಕೆ ನಡೆಯುತ್ತಾ ಪಾಠವನ್ನೆಲ್ಲ ಮುಗಿಸಿತ್ತು. ನಾವು ಅಳುಮೋರೆ ಮಾಡಿದೆವು. ಮಾವ ಕೋಳಿಯನ್ನು ಗೌರವದಿಂದ ನೋಡಿ, “ನಮ್ಮ ಶಾಲೆಯಲ್ಲಿ ಪಾಠ ಪೂರ್ತಿ ಅರಗಿಸಿಕೊಂಡದ್ದು ಇದೊಂದೇ,” ಎಂದರು.

ಮನೆಯಲ್ಲಿ ಅತ್ತೆಯ ಡಬ್ಬಿಗಳು ಖಾಲಿಯಾಗುತ್ತಲೇ ಇದ್ದವು. “ಏನೂಂದ್ರೆ, ಹುಳಿಗೆ ಇಟ್ಟಿದ್ದ ಅವರೆ ಎಲ್ಲಿ?”

“ಮೂರನೇ ಪಾಠದಲ್ಲಿದೆ ಕಣೇ.”

“ಮೆಣಸು?”

“ಅದು ನಿನ್ನೆ ರಾಜನ ಮೇಲೆ ಖರ್ಚಾಯ್ತು.”

ಈ ಸಂಕಟದಿಂದ ಅತ್ತೆಯನ್ನು ಪಾರು ಮಾಡಿದ್ದು ಮಾದಿಯ ಹೆತ್ತೆ. ಹೆತ್ತೆ ಎಂದರೆ ಅಜ್ಜಿ. ಮೈತುಂಬ ಬಿಳಿಯ ಬಟ್ಟೆ ಸುತ್ತಿ, ತಲೆಗೂ ಬಿಳಿಯದನ್ನೇ ಕಟ್ಟಿಕೊಂಡ ಗಟ್ಟಿ ಮುದುಕಿ. ಮಕ್ಕಳು ಪುಸ್ತಕದ ಮೇಲೆ ಕಾಳು ಇಡುತ್ತಾರೆಂಬ ಸುದ್ದಿ ಹಟ್ಟಿಗೆ ಹೋಗಿತ್ತು. ಹಟ್ಟಿಯವರು ತಮ್ಮ ತಿಳಿವಳಿಕೆಯಂತೆ ಅರ್ಥ ಮಾಡಿಕೊಂಡರು. ಹೊಸ ಬೆಳೆ ಬಂದರೆ ಅವರಲ್ಲಿ ಮೊದಲ ಕಾಳು ದೇವರಿಗೆ, ಆಮೇಲೇ ಮನೆಯವರ ಬಾಯಿಗೆ. ಮೇಷ್ಟರು ಪುಸ್ತಕದ ದೇವರಿಗೆ ಹಳೆಯ ಕಾಳು ಇಡಿಸುತ್ತಿದ್ದಾರೆ, ಹೀಗಾದರೆ ಮಕ್ಕಳಿಗೆ ವಿದ್ಯೆ ಹತ್ತೀತೇ ಎಂದು ಹಿರಿಯರೆಲ್ಲ ಕೂತು ಮಾತಾಡಿ, ಆ ಸುಗ್ಗಿಯ ಹೊಸ ರಾಗಿ, ಹೊಸ ಅವರೆಯ ಮೂಟೆ ಹೊರಿಸಿ ಹೆತ್ತೆಯನ್ನು ಕಳಿಸಿದ್ದರು! ಆಕೆ ಶಾಲೆಯ ಬಾಗಿಲಲ್ಲೇ ಚಪ್ಪಾಳೆ ತಟ್ಟಿ ಮೇಷ್ಟರನ್ನು ಕರೆದಳು.

ಮಾವ ಕಕ್ಕಾಬಿಕ್ಕಿ. “ಹೆತ್ತೆ, ಇದು ಪೂಜೆಗಲ್ಲ. ಮಕ್ಕಳಿಗೆ ಅನುಮಾನ ಬಂದ ಕಡೆ ಇಡೋದು.”

ಹೆತ್ತೆ ಮೂಟೆಯನ್ನು ಒಳಗೆ ನೂಕಿ, “ಇರಲಿ, ಅನುಮಾನಕ್ಕೂ ಹೊಸ ಕಾಳೇ ಒಳ್ಳೇದು,” ಎಂದು ಹೊರಟೇಹೋದಳು. ಅತ್ತೆಗೆ ಆ ವರ್ಷ ಜೀವಕ್ಕೆ ಸುಖ, ಆದರೂ ಕಾಳಿನ ಜಗಳ ಮಾತ್ರ ಅಭ್ಯಾಸಬಲದಿಂದ ನಡೆದೇ ಇತ್ತು.

ಇಷ್ಟೆಲ್ಲ ನಗುವಿನ ನಡುವೆ ಒಂದು ವಿಷಯ ಸದ್ದಿಲ್ಲದೆ ನಡೆಯುತ್ತಿತ್ತು. ಮಾವನಿಗೆ ಕಣ್ಣು ಮಂಜಾಗುತ್ತಿತ್ತು. ಮೊದಲು ನಾವು ಅದನ್ನು ಬೆಟ್ಟದ ಮಂಜು ಎಂದೇ ತಿಳಿದೆವು, ಅವರೂ ಹಾಗೇ ಅನ್ನುತ್ತಿದ್ದರು. ಒಂದು ಬೆಳಿಗ್ಗೆ ಶಾಲೆಯ ದಾರಿಯಲ್ಲಿ ಅವರು ನಿಂತು, ಒಂದು ಕರ್ಪೂರದ ಮರಕ್ಕೆ ಬಾಗಿ, “ನಮಸ್ಕಾರ ಮ್ಯಾನೇಜರ್ ಸ್ವಾಮಿ,” ಎಂದರು.

“ಮಾವ, ಅದು ಮರ!”

“ಹೌದಾ? ನಮಸ್ಕಾರಕ್ಕೆ ಉತ್ತರ ಬರಲಿಲ್ಲ ನೋಡು, ಅದಕ್ಕೇ ಮ್ಯಾನೇಜರೇ ಇರಬೇಕು ಅಂದ್ಕೊಂಡೆ.”

ನಗಬೇಕೋ ಅಳಬೇಕೋ ತಿಳಿಯದೆ ನಾನು ಅವರ ಕೈ ಹಿಡಿದುಕೊಂಡೆ. ಅತ್ತೆ ಹಟ ಮಾಡಿ ಊಟಿಗೆ ಕರೆದುಕೊಂಡು ಹೋಗಿ ಡಾಕ್ಟರಿಗೆ ತೋರಿಸಿದರು. ಎರಡು ಕಣ್ಣಿಗೂ ಪೊರೆ ಬರುತ್ತಿದೆ, ಅದು ಬಲಿಯದೆ ಶಸ್ತ್ರ ಮಾಡುವಂತಿಲ್ಲ ಎಂದರು ಅವರು. ಅಲ್ಲಿಯ ತನಕ? ಕಣ್ಣಿಲ್ಲದ ಮೇಷ್ಟರನ್ನು ಯಾವ ಶಾಲೆ ಇಟ್ಟುಕೊಳ್ಳುತ್ತದೆ! ಕೆಲಸ ಹೋದರೆ ಮನೆಯೂ ಹೋಯಿತು, ಅದು ಶಾಲೆಯ ಮನೆ. ನಾನು ಮಸಿನಗುಡಿಯ ಆನೆಗಳ ಹತ್ತಿರಕ್ಕೆ ವಾಪಸು. ಅತ್ತೆ ಆವತ್ತಿನಿಂದ ಕಾಳಿನ ಬಗ್ಗೆ ಜಗಳ ತೆಗೆಯುವುದನ್ನೇ ಬಿಟ್ಟರು. ಅದು ನನಗೆ ಎಲ್ಲಕ್ಕಿಂತ ಹೆಚ್ಚು ಭಯ ಹುಟ್ಟಿಸಿತು.

ಆದರೆ ತರಗತಿಯಲ್ಲಿ ಪಾಠ ನಿಲ್ಲಲಿಲ್ಲ. ನಾವು ಗಟ್ಟಿಯಾಗಿ ಓದಿ ಕಾಳು ಇಡುತ್ತಿದ್ದೆವು. ಮಾವ ಬೆಂಚಿನಿಂದ ಬೆಂಚಿಗೆ ಬಂದು ಪುಟದ ಮೇಲೆ ಹಗುರವಾಗಿ ಬೆರಳಾಡಿಸುತ್ತಿದ್ದರು. ರಾಗಿ ಸಣ್ಣಗೆ, ಅವರೆ ದಪ್ಪಗೆ, ಮೆಣಸು ಸುಕ್ಕು ಸುಕ್ಕಾಗಿ, ಹುರಿಗಡಲೆ ನುಣ್ಣಗೆ. ಯಾರಿಗೆ ಎಲ್ಲಿ ಕಾಲು ತೊಡರಿದೆ ಎಂದು ಅವರ ಬೆರಳಿಗೆ ತಿಳಿಯುತ್ತಿತ್ತು. ಅಕ್ಷರ ಕಾಣದಿದ್ದರೇನು, ನಮ್ಮ ಅನುಮಾನಗಳು ಅವರಿಗೆ ಚೆನ್ನಾಗಿ ಕಾಣುತ್ತಿದ್ದವು.

ಆಗಲೇ ಇನ್‌ಸ್ಪೆಕ್ಟರು ಬರುವ ಸುದ್ದಿ ಬಂತು. ಆ ಕಾಲದಲ್ಲಿ ಒಳ್ಳೆಯ ಓದು ಎಂದರೆ ಎಲ್ಲಿಯೂ ನಿಲ್ಲದೆ ರೈಲಿನಂತೆ ಓದುವುದು. ನಮ್ಮ ಬೆಟ್ಟದ ರೈಲೇ ಏದುಸಿರು ಬಿಡುತ್ತಾ ನಿಂತು ನಿಂತು ಹತ್ತುತ್ತದೆ, ಅದು ಬೇರೆ ಮಾತು! ನಾವೋ, ಪ್ರತಿ ಸಾಲಿಗೂ ನಿಲ್ಲುವವರು. ಮ್ಯಾನೇಜರು ಮಾವನನ್ನು ಕರೆದು, “ಮೇಷ್ಟ್ರೇ, ಮಕ್ಕಳು ತಡವರಿಸಿದರೆ, ನೀವು ಇನ್‌ಸ್ಪೆಕ್ಟರ ಎದುರಿಗೆ ಎಡವಿದರೆ, ನಾನು ಏನೂ ಮಾಡೋಕಾಗಲ್ಲ. ಬೇರೆಯವರನ್ನ ನೋಡ್ಕೋಬೇಕಾಗುತ್ತೆ,” ಎಂದರು. ಮಾವ ಎಂದಿನಂತೆ ನಗಲಿಲ್ಲ. “ಆಗಲಿ,” ಎಂದಷ್ಟೇ ಹೇಳಿದರು.

ಆ ದಿನ ಬಂದೇ ಬಂತು. ಇನ್‌ಸ್ಪೆಕ್ಟರು ಬಯಲುಸೀಮೆಯವರು. ಕಿವಿಗೆ ಮಫ್ಲರು, ಅದರ ಮೇಲೆ ಟೋಪಿ, ಅದರ ಮೇಲೆ ಶಾಲು! ಎರಡು ಕಣ್ಣು, ಒಂದು ಮೂಗು ಬಿಟ್ಟರೆ ಆಸಾಮಿಯ ಉಳಿದ ಭಾಗ ಯಾರಿಗೂ ಕಾಣಲಿಲ್ಲ. ತಮ್ಮ ಚೀಲದಿಂದ ನಾವು ಕಂಡಿರದ ಪುಸ್ತಕವೊಂದನ್ನು ತೆಗೆದು ಮಾದಿಯ ಮುಂದೆ ಬಿಡಿಸಿಟ್ಟು, “ಓದು,” ಎಂದರು.

ಮಾದಿ ಓದಿದಳು. “ಒಂದು ಊರಿನಲ್ಲಿ ಒಬ್ಬ ದೋಣಿಯವನಿದ್ದನು.” ನಿಂತಳು.

“ಮುಂದೆ ಓದು.”

“ಕಾಳು ಬೇಕು.”

“ಏನು ಬೇಕು?”

ಮ್ಯಾನೇಜರು ಬೀಗದ ಕೈ ಹಿಡಿದು ಕಣ್ಣು ಮುಚ್ಚಿಕೊಂಡರು. ಮಾದಿ ಸಂಚಿ ಬಿಚ್ಚಿ ‘ದೋಣಿ’ಯ ಮೇಲೆ ಒಂದು ರಾಗಿ ಇಟ್ಟಳು. ಬೆಟ್ಟದ ಹಟ್ಟಿಯ ಹುಡುಗಿ ದೋಣಿಯನ್ನು ಎಲ್ಲಿ ಕಂಡಿದ್ದಾಳು! ಆಮೇಲೆ ಓದುತ್ತಾ ಹೋದಳು. ಆ ದೋಣಿಯವನು ಎಲ್ಲರನ್ನೂ ನದಿ ದಾಟಿಸುತ್ತಿದ್ದನು. ಒಂದು ದಿನ ಪ್ರವಾಹ ಬಂದಿತು. ಅವನು ಹಗಲೆಲ್ಲ ದೋಣಿ ನಡೆಸಿದನು. ಊರಿನವರೆಲ್ಲ ಆಚೆಯ ದಡ ಸೇರಿದರು. ಮರಳಿ ಬಂದ ದೋಣಿಯವನು ಈಚೆಯ ದಡದಲ್ಲಿ ನಿಂತು ನಕ್ಕನು. ಕತೆ ಅಷ್ಟೇ. ನಾವೆಲ್ಲ ಅವಳ ಸುತ್ತ ಮುತ್ತಿಕೊಂಡು, ಯಾರಿಗೆ ಎಲ್ಲಿ ಬೇಕೋ ಅಲ್ಲಿ ಕಾಳು ಇಟ್ಟೆವು.

ಮಾವ ಬಂದು ಪುಟದ ಮೇಲೆ ಬೆರಳಾಡಿಸಿದರು. “ಇಲ್ಲಿ ರಾಗಿ ಇದೆ. ಯಾವ ಪದ?”

“ಪ್ರವಾಹ,” ಎಂದೆ ನಾನು. “ಗೊತ್ತಿಲ್ಲ ಮೇಷ್ಟ್ರೇ.” ಶಾಲೆಯಲ್ಲಿ ಮಾವ ಎನ್ನುವಂತಿರಲಿಲ್ಲ.

“ಅಕ್ಕಪಕ್ಕ ನೋಡು. ಅದು ಬಂದ ಮೇಲೆ ಜನ ಏನು ಮಾಡಿದರು?”

“ಎಲ್ಲರೂ ಊರು ಬಿಟ್ಟು ದಾಟಿದರು. ಹಾಗಾದ್ರೆ ಹೆದರೋ ಅಂಥದ್ದು. ನದಿ ಪಕ್ಕದ ಊರು... ನೀರು ಉಕ್ಕಿ ಬಂತಾ?”

“ಬಂತು! ಯಾರು ಹೇಳಿಕೊಟ್ಟರು?”

“ಅಕ್ಕಪಕ್ಕದ ಸಾಲು.”

ಮಾವನ ಬೆರಳು ಕೆಳಗಿಳಿದು ಕೊನೆಯ ಸಾಲಿಗೆ ಬಂತು. ಅಲ್ಲಿ ಒಂದಲ್ಲ, ಅವರೆಯ ಗುಡ್ಡೆಯೇ ಇತ್ತು! ದೋಣಿಯವನು ಯಾಕೆ ನಕ್ಕ? ಎಲ್ಲರಿಗೂ ಅದೇ ಪ್ರಶ್ನೆ. ಒಬ್ಬ, ಕೆಲಸ ಮುಗೀತಲ್ಲ ಅಂತ ನಕ್ಕ ಎಂದ. ಇನ್ನೊಬ್ಬ, ತಲೆ ಕೆಟ್ಟಿರಬೇಕು ಎಂದ. “ಬೆರಳಿಟ್ಟು ಹೇಳಿ, ಬೆರಳಿಟ್ಟು,” ಎಂದರು ಮಾವ. ಮಾದಿ ಬಹಳ ಹೊತ್ತು ಪುಟವನ್ನೇ ನೋಡುತ್ತಿದ್ದು, ಮೆಲ್ಲಗೆ ಒಂದು ಪದದ ಮೇಲೆ ಬೆರಳಿಟ್ಟಳು.

“ಇಲ್ಲಿ ‘ಊರಿನವರೆಲ್ಲ’ ಎಂದಿದೆ. ಮೊದಲ ಸಾಲಲ್ಲಿ ಅವನೂ ಅದೇ ಊರವನು. ಆದರೂ ಊರಿನವರೆಲ್ಲ ಎಂದಾಗ ಅವನು ಅದರಲ್ಲಿ ಸೇರಲಿಲ್ಲೆ. ಎಲ್ಲರೂ ಆಚೆ ಹೋದ ಮೇಲೆ ಅದು ಅವನಿಗೆ ತಿಳೀತು. ಅದಕ್ಕೇ ನಕ್ಕ.”

ಇನ್‌ಸ್ಪೆಕ್ಟರು ಮಫ್ಲರನ್ನು ಕಿವಿಯಿಂದ ಸರಿಸಿದರು. ಪುಸ್ತಕ ಅವರದೇ, ಎಷ್ಟು ಶಾಲೆಗಳಲ್ಲಿ ಅದೇ ಪುಟ ಓದಿಸಿದ್ದರೋ! ಬಗ್ಗಿ ಆ ಸಾಲನ್ನು ತಾವೇ ಓದಿದರು. ಮತ್ತೊಮ್ಮೆ ಓದಿದರು. ಆಮೇಲೆ ಮಾದಿಯ ಮುಂದೆ ಕೈಚಾಚಿ, “ಒಂದು ಅವರೆ ಕೊಡಮ್ಮ,” ಎಂದು ಪಿಸುಗುಟ್ಟಿದರು. ಅದನ್ನು ಆ ಗುಡ್ಡೆಯ ಪಕ್ಕದಲ್ಲಿ ಇಟ್ಟು, “ಹಾಗಾದರೆ ಅದು ಸಂತೋಷದ ನಗೆಯೋ, ನೋವಿನದೋ?” ಎಂದು ಅದೇ ಪಿಸುದನಿಯಲ್ಲಿ ಕೇಳಿದರು. ಮಾವನ ಬೆರಳು ಆ ಹೊಸ ಕಾಳನ್ನು ಮುಟ್ಟಿತು. “ಇದು ಒಳ್ಳೇ ಜಾಗದಲ್ಲಿ ಬಿತ್ತು. ಭೇಷ್! ಯಾರಪ್ಪಾ ಇಟ್ಟಿದ್ದು?” ಎಂದು ತಲೆ ಸವರಲು ಕೈ ಎತ್ತಿದರು! ನಾನು ಲಬಕ್ಕನೆ ಆ ಕೈ ಹಿಡಿದುಕೊಂಡೆ. ಇಲ್ಲದಿದ್ದರೆ ಅಂದು ಸರ್ಕಾರದ ಟೋಪಿ ನೆಲಕ್ಕೆ ಬೀಳುತ್ತಿತ್ತು.

ಇನ್‌ಸ್ಪೆಕ್ಟರು ನನ್ನನ್ನು ನೋಡಿದರು, ಮಾವನ ಕಣ್ಣುಗಳನ್ನು ನೋಡಿದರು. ಅವರಿಗೆ ಅರ್ಥವಾಯಿತು. ನಮ್ಮ ಕತೆ ಮುಗಿಯಿತು ಎಂದುಕೊಂಡೆ.

ಹೊರಡುವ ಹೊತ್ತಿಗೆ ಎಲ್ಲರೂ ಅಂಗಳಕ್ಕೆ ಬಂದೆವು. ಮಾವ ಶಾಲು ಸರಿಮಾಡಿಕೊಂಡು ಎರಡು ಹೆಜ್ಜೆ ಮುಂದೆ ಹೋಗಿ, ಬಾಗಿ, ಬಹಳ ವಿನಯದಿಂದ ಅಂಗಳದ ಕರ್ಪೂರದ ಮರಕ್ಕೆ ನಮಸ್ಕಾರ ಮಾಡಿದರು. “ಸ್ವಾಮಿ, ತಪ್ಪಿದ್ದರೆ ಹೊಟ್ಟೆಗೆ ಹಾಕಿಕೊಳ್ಳಬೇಕು,” ಎಂದು ಮರಕ್ಕೆ ಹೇಳಿದರು. ಮ್ಯಾನೇಜರು ನಗಲು ಬಾಯಿ ತೆರೆದರು. ಅಷ್ಟರಲ್ಲಿ ಇನ್‌ಸ್ಪೆಕ್ಟರು ಸದ್ದಾಗದಂತೆ ನಡೆದು ಹೋಗಿ, ಆ ಮರದ ಮುಂದೆ ಮಾವನ ಎದುರಿಗೆ ನಿಂತು, ಟೋಪಿ ತೆಗೆದು, ಕೈಮುಗಿದರು. “ತಪ್ಪೇನಿಲ್ಲ ಮೇಷ್ಟ್ರೇ. ನೀವು ಇಲ್ಲೇ ಇರಬೇಕು,” ಎಂದರು. ಮ್ಯಾನೇಜರು ತೆರೆದ ಬಾಯಿಯನ್ನು ಹಾಗೆಯೇ ಮುಚ್ಚಿಕೊಂಡರು. ಅತ್ತೆ ಮನೆಯ ಬಾಗಿಲ ಮರೆಯಲ್ಲಿ ನಿಂತು ಸೆರಗಿನಿಂದ ಕಣ್ಣು ಒರೆಸಿಕೊಂಡು, ಆ ಸಂಜೆಯೇ, “ಸಾರಿನ ಅವರೆ ಎಲ್ಲಿ ರೀ?” ಎಂದು ಜಗಳ ಶುರು ಮಾಡಿದರು. ನನಗೆ ಹೋದ ಜೀವ ಬಂದಂತಾಯಿತು.

ಆಮೇಲೆ ಶಸ್ತ್ರವಾಯಿತು. ಬೆಳಕು ಉಳಿಯಿತು, ಅಕ್ಷರ ಉಳಿಯಲಿಲ್ಲ. ಆದರೂ ಮಾವ ತಮ್ಮ ನೌಕರಿಯ ಕಾಲ ಮುಗಿಯುವವರೆಗೂ ಆ ಶಾಲೆಯಲ್ಲೇ ಮಕ್ಕಳ ಕಾಳು ಮುಟ್ಟಿ ಮುಟ್ಟಿ ಪಾಠ ಹೇಳಿದರು. ಈಗ ಅದೇ ಶಾಲೆಯಲ್ಲಿ ನಾನು ಮೇಷ್ಟ್ರಮ್ಮ. ಮ್ಯಾನೇಜರು ಬದಲಾಗಿದ್ದಾರೆ, ಕೋಳಿಗಳು ಅದೇ ವಂಶದವು.

ಸಂಜೆ ಶಾಲೆ ಬಿಟ್ಟು ಬಂದ ಮೇಲೆ ಜಗಲಿಯ ಬಿಸಿಲಿನಲ್ಲಿ ಕೂತು ಮಾವನಿಗೆ ಪೇಪರು ಓದುತ್ತೇನೆ. ಓದಿ, ಕಾಳು ಇಟ್ಟು, ಅವರ ಮಡಿಲಿಗೆ ಕೊಡಬೇಕು. ಅವರು ಬೆರಳಾಡಿಸಿ, “ಇಲ್ಲೇನೇ ತಿಳೀಲಿಲ್ಲ?” ಎಂದು ಕೇಳುತ್ತಾರೆ. ಅಲ್ಲಿ ನಮ್ಮ ಪಾಠ ಶುರು. ಮೊನ್ನೆ ನನಗೆ ದಣಿವಾಗಿತ್ತು. ಗಡಗಡನೆ ಓದಿ ಪೇಪರನ್ನು ಅವರ ಮಡಿಲಲ್ಲಿ ಇಟ್ಟೆ. ಅವರ ಕೈ ಮೇಲಿನಿಂದ ಕೆಳಗಿನವರೆಗೆ ಹೋಯಿತು. ಮತ್ತೆ ಮೇಲಿನಿಂದ ಹೊರಟಿತು.

“ಏನೂ ಇಲ್ವಲ್ಲೇ?”

“ಎಲ್ಲಾ ತಿಳೀತು ಮಾವ.”

“ಓ. ಎಲ್ಲಾ ತಿಳೀತಾ? ಒಳ್ಳೇದಾಯ್ತು,” ಎಂದು ಕೈಯನ್ನು ಮೆಲ್ಲಗೆ ಶಾಲಿನ ಒಳಗೆ ಎಳೆದುಕೊಂಡರು.

ಅವರು ಗದರಿದ್ದು ಕೇಳಿದ್ದೇನೆ, ಕೇಕೆ ಹಾಕಿದ್ದು ಕೇಳಿದ್ದೇನೆ. ಇಷ್ಟು ಸಣ್ಣ ದನಿಯಲ್ಲಿ ಅವರು ಮಾತಾಡಿದ್ದನ್ನು ಎಂದೂ ಕೇಳಿರಲಿಲ್ಲ. ಸಂಚಿಯಿಂದ ಒಂದು ಅವರೆ ತೆಗೆದು, ಕೈಗೆ ಸಿಕ್ಕಿದ ಸಾಲಿನ ಮೇಲೆ ಇಟ್ಟೆ. “ಅಯ್ಯೋ, ಇಲ್ಲೊಂದು ಇದೆ ಮಾವ, ಮರೆತೇಬಿಟ್ಟಿದ್ದೆ.”

ಕೈ ಶಾಲಿನಿಂದ ಹೊರಗೆ ಬಂತು, ಹುಡುಕಿತು, ಕಾಳನ್ನು ಮುಟ್ಟಿತು. “ಓದು.”

ಓದಿದೆ. “ಊಟಿಯ ಸಂತೆಯು ಎಂದಿನಂತೆ ಮಂಗಳವಾರ ನಡೆಯುವುದು.”

“ಇದರಲ್ಲಿ ಏನೇ ಅನುಮಾನ?”

“ಅದೇ... ಯಾಕೆ ಎಂದಿನಂತೆ ಅಂತ...”

ಮಾವ ಶಾಲು ಜಾರಿಬೀಳುವಂತೆ ನಕ್ಕರು. “ಸುಳ್ಳು ಕಾಳು ಇಡ್ತೀಯೇನೇ, ಕಳ್ಳಿ! ಯಾರ ಹತ್ರ?” ಎಂದರು. ನಾನು ಕಣ್ಣೊರೆಸಿಕೊಂಡು ಕಾಳನ್ನು ಎತ್ತಲು ಹೋದೆ. ಅವರು ಬೆರಳನ್ನು ಅದರ ಮೇಲಿಂದ ಕದಲಿಸಲಿಲ್ಲ.

“ಇರ್ಲಿ ಬಿಡು,” ಎಂದರು. “ತೆಗೀಬೇಡ.”